ಖಾಲಿ ಪೀಠದಿಂದ ಯೋಗಶಾಲೆಯವರೆಗೆ

ಸಾಂಗ್ಲಿಗೆ ಅಂಟಿಕೊಂಡ ಮಾಧವನಗರದಿಂದ ಪಶ್ಚಿಮಕ್ಕೆ ಹೋದರೆ ನಾಥಪಂಥದ ನೆಲೆಯಾದ ಬತ್ತೀಸ್ ಶಿರಾಳದ ಗೋರಖನಾಥ ಮಂದಿರ. ಪೂರ್ವಕ್ಕೆ ಹೋದರೆ ಇಂಚಗೇರಿ ಸಂಪ್ರದಾಯದ ನೆಲೆಗಳಾದ ಜತ್ತ ತಾಲ್ಲೂಕಿನ ಉಮದಿ, ಗಡಿಯಾಚೆ ಇಂಚಗೇರಿ, ನಿಂಬಾಳ. ಕೂತು ಸಾಧಿಸುವ ಪರಂಪರೆ ಈ ಸೀಮೆಗೆ ಹೊಸದಲ್ಲ. ಆದರೆ ಅದರ ಚರಿತ್ರೆಯನ್ನು ಶಿಲ್ಪ, ಮಠ, ವ್ಯಾಯಾಮ ಎಂದು ಮೂರು ಪಾಲು ಮಾಡಿ ಓದುತ್ತಿದ್ದೇವೆ. ಮೂರನ್ನೂ ಕೂಡಿಸಿ ನೋಡಬೇಕು.

ಹಳೆಯ ಸಾಕ್ಷಿಯೊಂದು ಭೀಮಾ ತೀರದ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿದೆ. 1990ರ ದಶಕದ ಉತ್ಖನನದಲ್ಲಿ ಬಯಲಾದ ಮಹಾಸ್ತೂಪದ ಫಲಕಗಳಲ್ಲಿ ಬುದ್ಧನ ಬದಲು ಬರಿದಾದ ಪೀಠ, ಪಾದದ ಗುರುತು, ಸುತ್ತ ಕೈಮುಗಿದ ಭಕ್ತರಿದ್ದಾರೆ. ಪೀಠವೇ ಅಲ್ಲಿ ಪೂಜ್ಯ. ಮುಂದೆ ಕುಳಿತ ದೇಹವೂ ಪೂಜೆಗೊಂಡಿತು. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮನ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಮೂರು ಮುಖ, ಆರು ಕೈಗಳೊಡನೆ ಕಾಲು ಮಡಿಸಿ ಕುಳಿತಿದೆ. ಅದೇ ಕದ್ರಿ ಇಂದು ನಾಥಯೋಗಿಗಳ ಮಠವೂ ಹೌದು.

ಪತಂಜಲಿಗೆ ಆಸನವೆಂದರೆ ಅಲುಗದೆ, ಹಿತವಾಗಿ ಕೂರುವುದು, ಅಷ್ಟೇ. ಅದು ಹೇಗೆ ಸಾಧ್ಯ ಎಂಬುದನ್ನು ಮೇಲುಕೋಟೆಯ ಯೋಗನರಸಿಂಹ ತೋರಿಸುತ್ತಾನೆ: ಎತ್ತಿದ ಮೊಣಕಾಲು, ಅಡ್ಡಹಾಯ್ದ ಕಣಕಾಲು, ಮೊಣಕಾಲುಗಳನ್ನು ಬಳಸಿದ ಯೋಗಪಟ್ಟವೆಂಬ ಪಟ್ಟಿ. ಪಟ್ಟ ಭಾರವನ್ನು ಹೊರುವುದರಿಂದ ಬೆನ್ನು ಬೇಗ ದಣಿಯದು. ಹಠಯೋಗಪ್ರದೀಪಿಕೆ ಆಸನಗಳನ್ನು ಹೆಚ್ಚಿಸಿತಾದರೂ ಸಿದ್ಧಾಸನಕ್ಕೇ ಅಗ್ರಸ್ಥಾನ ಕೊಟ್ಟಿತು.

ಶರಣರ ಪರಂಪರೆ ಪೀಠಕ್ಕೆ ಬೇರೆಯದೇ ಘನತೆ ತಂದಿತು. ಕಲ್ಯಾಣದ ಶೂನ್ಯಸಿಂಹಾಸನವನ್ನು ಅಲ್ಲಮಪ್ರಭು ಏರಿದ್ದು ಹುಟ್ಟಿನಿಂದಲ್ಲ, ಅರಿವಿನಿಂದ. ಮಠಗಳಲ್ಲಿ ಗುರುವಿನ ಗದ್ದುಗೆಗೆ ಇಂದಿಗೂ ಹೂವು, ದೀಪ ಸಲ್ಲುತ್ತವೆ. ಇಂಚಗೇರಿ ಸಂಪ್ರದಾಯದಲ್ಲಿ ಲಿಂಗಾಯತರಾದ ನಿಂಬರಗಿ ಮಹಾರಾಜರಿಂದ ಉಮದಿಯ ಬ್ರಾಹ್ಮಣ ಭಾವೂಸಾಹೇಬ ಮಹಾರಾಜರಿಗೆ (1843–1914), ಅವರಿಂದ ಜಮಖಂಡಿಯ ಗುರುದೇವ ರಾನಡೆಯವರಿಗೆ ಸಾಧನೆ ಹರಿದುಬಂತು. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪಾಠ ಹೇಳಿದ ರಾನಡೆ 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟರು. ಈ ಸಂಪ್ರದಾಯದಲ್ಲಿ ಆಸನದ ಬಗೆಗಿಂತ ನೇಮ ದೊಡ್ಡದು: ದಿನವೂ ತಪ್ಪದೆ ನಾಮಸ್ಮರಣೆಗೆ ಕೂರಬೇಕು.

ಮೈಸೂರಿನಲ್ಲಿ ದಾರಿ ವ್ಯಾಯಾಮದ ಕಡೆಗೆ ಹೊರಳಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತ 1934ರಲ್ಲಿ ಕನ್ನಡದಲ್ಲೇ 'ಯೋಗಮಕರಂದ' ಬರೆದರು. ಶಿಷ್ಯರಾದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಯಿಂದ, ಪಟ್ಟಾಭಿ ಜೋಯಿಸರು ಮೈಸೂರಿನಿಂದ ಆ ವಿದ್ಯೆಯನ್ನು ಜಗತ್ತಿಗೆ ಹರಡಿದರು. ಅಯ್ಯಂಗಾರರು ಬಳಸಿದ ಪಟ್ಟಿಗಳನ್ನು ನೋಡಿದವರಿಗೆ ಯೋಗನರಸಿಂಹನ ಪಟ್ಟ ನೆನಪಾಗದೆ ಇರದು.

ಆಸನಗಳ ಸಂಖ್ಯೆ ಬೆಳೆದದ್ದು ನಮ್ಮ ಹೆಮ್ಮೆ. ಆದರೆ ಯೋಗ ಕಲಿಸುವವರು ಕನಗನಹಳ್ಳಿಯ ಫಲಕಗಳನ್ನೂ ಇಂಚಗೇರಿಯ ನೇಮವನ್ನೂ ತಮ್ಮ ಪಾಠಕ್ಕೆ ಸೇರಿಸಿಕೊಳ್ಳಲಿ. ಮೈಯನ್ನು ಪಳಗಿಸಿದ ಮೇಲೆ ಯಾತಕ್ಕಾಗಿ ಕೂರಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.