ಬಿಚ್ಚಲು ಬರುವ ಅಂಟು

ಶಿರಸಿಯ ಮಾರಿಕಾಂಬೆ ಊರಿಗೆ ಬಂದದ್ದೇ ಬಿಡಿಬಿಡಿಯಾಗಿ. ಹಾನಗಲ್ಲಿನಲ್ಲಿ ಜಾತ್ರೆ ಮುಗಿದ ಮೇಲೆ ದೇವಿಯ ಮರದ ಮೂರ್ತಿಯನ್ನು ಬಿಚ್ಚಿ ಒಡವೆಗಳ ಜೊತೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ. ಕಳ್ಳರು ಆ ಪೆಟ್ಟಿಗೆ ಹೊತ್ತು ಈ ಕಡೆ ಬಂದರು, ಒಡವೆ ಹಂಚಿಕೊಂಡರು, ಉಳಿದದ್ದನ್ನು ಪೆಟ್ಟಿಗೆ ಸಮೇತ ಕೆರೆಗೆ ನೂಕಿದರು. ಆ ಕೆರೆ ಇವತ್ತಿನ ದೇವಿಕೆರೆ. ಮುಂದೆ ಪೆಟ್ಟಿಗೆ ಸಿಕ್ಕು, ಭಾಗಗಳನ್ನು ಜೋಡಿಸಿ, ಶಾಲಿವಾಹನ ಶಕ 1611ರಲ್ಲಿ, ಅಂದರೆ 1689ರ ಸುಮಾರಿಗೆ, ಪ್ರತಿಷ್ಠೆ ಮಾಡಿದರೆಂದು ಐತಿಹ್ಯ.

ಭಕ್ತರಿಗೆ ಇದು ದೇವಿಯ ಮಹಿಮೆ. ನಾನು ಹಳೆಯ ಮರದ ಸಾಮಾನು ರಿಪೇರಿ ಮಾಡುವವನು; ನನ್ನ ಲಕ್ಷ್ಯವೆಲ್ಲ ಆ ಪೆಟ್ಟಿಗೆಯ ಮೇಲೆ. ಆಳೆತ್ತರ ಮೀರಿದ, ಎಂಟು ಕೈಯ ಮೂರ್ತಿ ಪೆಟ್ಟಿಗೆಯೊಳಗೆ ಕೂರಬೇಕಾದರೆ, ಕೆತ್ತಿದವನು ಬಿಚ್ಚುವ ದಿನವನ್ನೂ ಲೆಕ್ಕಕ್ಕೆ ತಗೊಂಡೇ ಉಳಿ ಹಿಡಿದಿರಬೇಕು. ನಮ್ಮ ಸೀಮೆಯ ಜಾತ್ರೆಗಳ ಕ್ರಮವೂ ಅದನ್ನೇ ಬೇಡುತ್ತದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ, ಯಲ್ಲಾಪುರದಲ್ಲಿ ಮೂರು ವರ್ಷಕ್ಕೊಮ್ಮೆ ಮರದ ದೇವಿಯರು ಗದ್ದುಗೆಗೆ ಬರುತ್ತಾರೆ. ಅಲುಗಾಡುವ, ಬಿಸಿಲು ಮಳೆ ಕಾಣುವ, ಮತ್ತೆ ಮತ್ತೆ ಬಣ್ಣ ಹೊಡೆಸಿಕೊಳ್ಳುವ ಮೂರ್ತಿ ಒಂದೇ ದಿಮ್ಮಿಯಾದರೆ ಬಿರುಕು ಬಿಡುತ್ತದೆ. ತುಂಡುಗಳಿಂದ ಮಾಡಿದ್ದಾದರೆ ಕೆಟ್ಟ ಕೈಯೊಂದನ್ನೇ ಬದಲಿಸಬಹುದು.

ಮರ, ಬೆಂಡು, ಮಣ್ಣು ಮೂರನ್ನೂ ಬಲ್ಲವರು ಗುಡಿಗಾರರು. ಗೋವೆಯಿಂದ, ಪೋರ್ಚುಗೀಸರ ಕಾಲದಲ್ಲಿ ಇತ್ತ ಬಂದವರೆಂದು ಅವರಲ್ಲೇ ಹೇಳಿಕೆಯಿದೆ. 1883ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಅವರಿಗೂ ಜಾಗ ಸಿಕ್ಕಿದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಸೊರಬ, ಸಾಗರ, ಕೆಳಗೆ ಕುಮಟಾ, ಹೊನ್ನಾವರ ಅವರ ನೆಲೆ. ಗಂಧದ ಪೆಟ್ಟಿಗೆ ಕೆತ್ತುವ ಕೈಯೇ ಮದುವೆಗೆ ಬೆಂಡಿನ ಬಾಸಿಂಗ, ಚೌತಿಗೆ ಮಣ್ಣಿನ ಗಣಪತಿ ಮಾಡಿಕೊಡುತ್ತಿತ್ತು. ಮೈಸೂರು ಕಡೆಯ ಗುಡಿಗಾರರ ಕೆಲಸ ನೋಡಿದ ಬ್ರಿಟಿಷರು ಬರೆದಿಟ್ಟ ಒಂದು ವಿವರ ನನಗೆ ಬಹಳ ಇಷ್ಟ: ಚಿತ್ತಾರವನ್ನು ಮೊದಲು ಬಿಳಿ ಕಾಗದದ ಮೇಲೆ ಬರೆದು, ಕಾಗದವನ್ನು ನುಣುಪು ಮಾಡಿದ ಮರಕ್ಕೆ ಅಂಟಿಸಿ, ಗೆರೆ ಹಿಡಿದು ಕೆತ್ತುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಕಾಗದವೂ ಇಲ್ಲ, ಅಂಟೂ ಇಲ್ಲ.

ಬಡಗಿಗಳ ಹಳೆಯ ಅಂಟು ಸರೇಸು. ದನದ ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ಒಣಗಿದ ಮೇಲೆ ಬೆಲ್ಲದಚ್ಚಿನ ಬಣ್ಣ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಕುದಿಸಿದರೆ ಕಸುವು ಹೋಯಿತು. ವಾಸನೆಯ ಬಗ್ಗೆ ನಾನು ಹೇಳುವುದಿಲ್ಲ, ಮನೆಯವರು ಹೇಳುತ್ತಾರೆ. ಒಣಗಿದ ಸರೇಸು ಮರಕ್ಕಿಂತ ಗಟ್ಟಿ, ಆದರೆ ಬಿಸಿ ಮತ್ತು ತೇವ ಎರಡೂ ತಾಗಿದರೆ ಮತ್ತೆ ಜಾರುತ್ತದೆ. ಸಂದಿಗೆ ಬಿಸಿನೀರಿನ ಬಟ್ಟೆ ಇಟ್ಟು ಕಾದು, ತೆಳು ಚೂರಿ ತೂರಿಸಿದರೆ ನೂರು ವರ್ಷದ ಬೆಸುಗೆಯೂ ಮುರಿಯದೆ ಬಿಡುತ್ತದೆ. ದಂತದ ಕೆಲಸ ಇದ್ದಲ್ಲಿ ಮಾತ್ರ ನೀರು ತಾಗಿಸಬಾರದು, ದಂತ ಸೊಟ್ಟಗಾಗುತ್ತದೆ. ಅಲ್ಲಿ ಪಾಲಿಶ್‌ಗೆ ಬಳಸುವ ಸ್ಪಿರಿಟನ್ನು ಸಂದಿಗೆ ಹನಿಸುವುದು. ಅದು ಸರೇಸಿನ ತೇವ ಹೀರಿ ಅದನ್ನು ಪೆಡಸು ಮಾಡುತ್ತದೆ. ಮೆಲ್ಲಗೆ ಒತ್ತಿದರೆ ಟಕ್ ಎಂದು ಬಿಡುತ್ತದೆ.

ಸರೇಸಿನ ದೋಷವೂ ಅಲ್ಲೇ ಇದೆ. ಶಿರಸಿಯ ಮಳೆ ವರ್ಷಕ್ಕೆ ಸುಮಾರು 2,500 ಮಿ.ಮೀ. ಆಷಾಢದಲ್ಲಿ ಬೂಷ್ಟು ಹಿಡಿಯದ ಅಂಟಿಲ್ಲ. ಆದ್ದರಿಂದ ಇಲ್ಲಿಯ ಹಳೆಯ ಮಂಟಪ, ಪೆಟ್ಟಿಗೆಗಳಲ್ಲಿ ಭಾರ ಹೊರುವುದು ಕೂರು, ಬೆಣೆ, ಬಿದಿರಿನ ಗೂಟ. ಅಂಟಿನದು ಸಹಾಯ ಅಷ್ಟೇ. ಇದನ್ನು ನಾನು ಹಿಂದಿನವರ ಜಾಣ್ಮೆ ಅಂತಲೇ ತಿಳಿದಿದ್ದೇನೆ. ಸುಮ್ಮನೆ ಬಡತನ, ಇದ್ದುದರಲ್ಲಿ ಮಾಡಿದರು ಎನ್ನುವವರೂ ಇದ್ದಾರೆ, ಇರಲಿ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಕಳೆದ ದೀಪಾವಳಿಗೆ ಬಂದವನು ಬೆರಳುದ್ದದ ಪ್ಲಾಸ್ಟಿಕ್ ಯೋಧರನ್ನು ತಂದಿದ್ದ. ಮೇಜಿನ ಮೇಲೆ ಇಟ್ಟು ಯುದ್ಧ ಆಡುವ ಆಟ. ತುಂಡುಗಳನ್ನು ತಾನೇ ಅಂಟಿಸಿ, ಬಣ್ಣ ಹೊಡೆಯಬೇಕು. "ಮಾವ, ಇದ್ರ ಕೈ ಬಿಚ್ಚಲೆ ಬತ್ತ?" ಅಂದ. ಯಾವ ಅಂಟು ಎಂದು ಕೇಳಿದೆ, ನಮ್ಮ ಕಸುಬಿನಲ್ಲಿ ಮೊದಲ ಪ್ರಶ್ನೆ ಅದೇ. ಕೈಗೆ ಸೂಪರ್ ಗ್ಲೂ, ಕಾಲಿಗೆ ಪ್ಲಾಸ್ಟಿಕ್ ಸಿಮೆಂಟ್.

ಸೂಪರ್ ಗ್ಲೂ ಎನ್ನುವುದು ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬಾತನ ಕೈಗೆ 1942ರಲ್ಲಿ ಸಿಕ್ಕು, 1958ರಲ್ಲಿ ಅಂಗಡಿಗೆ ಬಂದ ವಸ್ತು. ಎಳೆದರೆ ಬಿಡದು, ಆದರೆ ಚಳಿಗೆ ಪೆಡಸಾಗುತ್ತದೆ. ಯೋಧನನ್ನು ಎರಡು ಮೂರು ತಾಸು ಫ್ರೀಜರಿನಲ್ಲಿಟ್ಟು, ತೆಗೆದ ಕೂಡಲೇ ಕೈಯನ್ನು ಬುಡದಲ್ಲಿ ಹಿಡಿದು ತಿರುವಿದೆವು. ಬಂತು. ಚಾಕು ಹಾಕಲೇಬೇಕಾದರೆ ಅಲಗು ಬೆರಳಿನ ಕಡೆ ಇರಬಾರದು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಅಂಟನ್ನು ಕರಗಿಸುತ್ತದೆ ನಿಜ, ಜೊತೆಗೆ ಯೋಧನನ್ನೂ ಕರಗಿಸುತ್ತದೆ. ಅದು ಲೋಹದ ಗೊಂಬೆಗೆ ಸರಿ. ಕುದಿನೀರು ಬೇಡವೇ ಬೇಡ, 100 ಡಿಗ್ರಿಯ ಹತ್ತಿರ ಈ ಪಾಲಿಸ್ಟೈರಿನ್ ಪ್ಲಾಸ್ಟಿಕ್ ಮೆತ್ತಗಾಗಿ ಮುಖ ಮೂಗು ಕೆಡುತ್ತದೆ.

ಕಾಲು ಬರಲಿಲ್ಲ. ಪ್ಲಾಸ್ಟಿಕ್ ಸಿಮೆಂಟು ಎರಡೂ ಮೈಯನ್ನು ಕರಗಿಸಿ ಒಂದು ಮಾಡುತ್ತದೆ, ದ್ರಾವಕ ಆರಿಹೋಗುತ್ತದೆ. ನಡುವೆ ಅಂಟೇ ಇಲ್ಲದ ಮೇಲೆ ಬಿಚ್ಚುವುದು ಏನನ್ನು? ಅಕ್ಕಸಾಲಿಯ ಸಣ್ಣ ಗರಗಸದಿಂದ ಸಂದಿನ ಗೆರೆಯಲ್ಲೇ ಕೊಯ್ದು, ತೂತು ಹಾಕಿ, ತಾಮ್ರದ ತಂತಿಯ ಗೂಟ ಇಟ್ಟುಕೊಟ್ಟೆ.

ಆ ಸಿಮೆಂಟಿನ ಜಾತಿಯ ಕೆಲಸ ಈಗ ಮರಕ್ಕೂ ಬಂದಿದೆ. ನಮ್ಮ ದೇಶದಲ್ಲಿ 1959ರಿಂದ ಬಿಳಿ ಅಂಟು ಸರೇಸಿನ ಜಾಗ ಹಿಡಿಯುತ್ತ ಬಂತು. ವಾಸನೆಯಿಲ್ಲ, ಕಾಯಿಸುವ ರಗಳೆಯಿಲ್ಲ. ನಾನೂ ಹೊಸ ಕುರ್ಚಿಗೆ ಅದನ್ನೇ ಬಳಸುತ್ತೇನೆ. ಅದಾದರೂ ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ. ಎಪಾಕ್ಸಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸಿದ್ದಾಪುರದ ಕಡೆಯ ಒಂದು ಮನೆಯಿಂದ ದೇವರ ಮಂಟಪ ಬಂದಿತ್ತು, ಯಾರೋ ಕಂಬದ ಕೂರಿಗೆ ಎಪಾಕ್ಸಿ ತುಂಬಿದ್ದರು. ಕಂಬ ಮತ್ತೆ ಜಗ್ಗಿದಾಗ ಸಂದು ಬಿಡಲಿಲ್ಲ, ಪಕ್ಕದ ತೇಗ ಸೀಳಿತು. ಸೀಳಿದ ಜಾಗಕ್ಕೆ ಹಳೆಯ ತೇಗದ ತುಂಡು ಕೂರಿಸಿ, ಸರೇಸು ಹಾಕಿ, ಗೂಟ ಹೊಡೆದು ಕಳಿಸಿದೆ. ಮುಂದೆ ರಿಪೇರಿಗೆ ಬಂದರೆ ಬಿಸಿ ಬಟ್ಟೆ ಇಡಿ ಎಂದು ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ.