ಅಂಧರಿಗಾಗಿ ಅಕ್ಷರದ ಆಟಗಳು: ತಂತ್ರಾಂಶ ಆರಿಸುವ ಬಗೆ

ಗಣಕಯಂತ್ರದ ಆಟವೆಂದೊಡನೆ ಚಿತ್ರ, ಬಣ್ಣ, ವೇಗಗಳು ನೆನಪಾಗುತ್ತವೆ. ಆದರೆ ಕೇವಲ ಬರವಣಿಗೆಯಲ್ಲೇ ನಡೆಯುವ ಆಟಗಳೂ ಉಂಟು. ಪರದೆಯ ಮೇಲೆ ಸನ್ನಿವೇಶದ ವರ್ಣನೆ ಮೂಡುತ್ತದೆ; ಉತ್ತರಕ್ಕೆ ಹೋಗು, ದೀಪ ತೆಗೆದುಕೋ ಎಂಬರ್ಥದ ಆಜ್ಞೆಯನ್ನು ಆಟಗಾರ ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ಕಥೆ ಮುಂದುವರಿಯುತ್ತದೆ. ಅಮೆರಿಕದ ವಿಲ್ ಕ್ರೌದರ್ ರಚಿಸಿ, 1977ರಲ್ಲಿ ಡಾನ್ ವುಡ್ಸ್ ವಿಸ್ತರಿಸಿದ 'ಕೊಲೋಸಲ್ ಕೇವ್ ಅಡ್ವೆಂಚರ್' ಈ ಪರಂಪರೆಯ ಆದಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಮಡ್' ಆಟದಿಂದ ಹಲವರು ದೂರದೂರದಿಂದ ಒಟ್ಟಿಗೆ ಆಡುವುದೂ ಸಾಧ್ಯವಾಯಿತು. ಅಕ್ಷರವನ್ನು ಧ್ವನಿಯಾಗಿಸಬಹುದಾದ್ದರಿಂದ, ಅಂಧರು ಕಣ್ಣುಳ್ಳವರಿಗೆ ಸರಿಸಮನಾಗಿ ಇವನ್ನು ಆಡಬಲ್ಲರು. ದಿವಾ, ಡೊಂಬಿವಲಿಗಳ ಲೋಕಲ್ ನೂಕುನುಗ್ಗಲಿನಲ್ಲಿ ಒಬ್ಬರೇ ಹೊರಹೋಗಲು ಅಂಜುವ ನಮ್ಮ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಮೊದಲು ಬೇಕಾದದ್ದು ಪರದೆಯನ್ನು ಓದಿ ಹೇಳುವ ತಂತ್ರಾಂಶ. ಬ್ಯಾಂಕಿನಲ್ಲಿ ದೃಷ್ಟಿಹೀನ ಸಹೋದ್ಯೋಗಿಗಳು 'ಜಾಸ್' ಬಳಸುವುದನ್ನು ಕಂಡು ಮನೆಗೂ ಅದನ್ನೇ ಕೊಳ್ಳಲು ಹೊರಡುವವರಿದ್ದಾರೆ. ಅದು ಸಮರ್ಥವಾದರೂ ದುಬಾರಿ. ಆಸ್ಟ್ರೇಲಿಯಾದ ಮೈಕಲ್ ಕರನ್, ಸ್ವತಃ ಅಂಧರು, 2006ರಲ್ಲಿ ಆರಂಭಿಸಿದ 'ಎನ್‌ವಿಡಿಎ' ಉಚಿತವಾದುದು, ಪೆನ್‌ಡ್ರೈವಿನಿಂದಲೂ ನಡೆಯುತ್ತದೆ. ಆಟಕ್ಕೆ ಇದು ಧಾರಾಳ ಸಾಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ಗಳಿಸಿದ ಕೀಲಿಮಣೆಯ ಅಭ್ಯಾಸ ನಾಳೆ ನೌಕರಿಗೂ ಒದಗುತ್ತದೆ.

ಎರಡನೆಯದು ಆಟ ನಡೆಸುವ ತಂತ್ರಾಂಶ. ಒಬ್ಬರೇ ಆಡುವ ಕಥೆಗಳಿಗೆ 'ಫ್ರಾಟ್ಸ್', ಸಾಮೂಹಿಕ ಆಟಗಳಿಗೆ 'ಮಡ್ಲೆಟ್' ಮೊದಲಾದವು ಇವೆ. ಹೆಸರಿಗೆ ಮಾರುಹೋಗದೆ ಮಾನಿಟರನ್ನು ಆರಿಸಿ, ಕಿವಿಯಿಂದಲೇ ಅರ್ಧ ಗಂಟೆ ಆಡಿ ನೋಡಬೇಕು. ಹೊಸ ಸಾಲು ಬಂದೊಡನೆ ತಾನಾಗಿ ಓದುತ್ತದೆಯೇ? ಕೇಳಿದ ಸಾಲಿಗೆ ಹಿಂದಿರುಗಬಹುದೇ? ಬೇಡದ ಮಾತನ್ನು ಒಂದು ಕೀಲಿಯಿಂದ ತಡೆಯಬಹುದೇ? ಸಾಮೂಹಿಕ ಆಟದಲ್ಲಿ ಇತರರ ಮಾತು ಸತತವಾಗಿ ಸುರಿಯುವುದರಿಂದ ಕೊನೆಯ ಪ್ರಶ್ನೆಯೇ ಮುಖ್ಯ. ಕೆಲವು ಆಟಗಳು ಚುಕ್ಕೆ, ಅಡ್ಡಗೆರೆಗಳಿಂದ ನಕ್ಷೆ ಬಿಡಿಸುತ್ತವೆ. ಓದುವ ಯಂತ್ರಕ್ಕೆ ಅದು ಬರೀ ಗದ್ದಲ. ನಕ್ಷೆಯನ್ನು ನಿಲ್ಲಿಸುವ ಸೌಲಭ್ಯವಿರಬೇಕು. ನೋಂದಣಿಗೆ ಚಿತ್ರದೊಳಗಿನ ಅಕ್ಷರ ಗುರುತಿಸಲು ಹೇಳಿ, ಧ್ವನಿಯ ಪರ್ಯಾಯ ಕೊಡದಿದ್ದರೆ ಆಟ ಬಾಗಿಲಲ್ಲೇ ಮುಗಿದಂತೆ.

ಆಜ್ಞೆಗಳ ಅರ್ಥವನ್ನು ಕನ್ನಡದಲ್ಲಿ ಬರೆದುಕೊಡುವ ತಾಯಿತಂದೆಯರು ಯೂನಿಕೋಡನ್ನೇ ಬಳಸಬೇಕು. ಹಳೆಯ ನುಡಿ, ಬರಹ ಅಕ್ಷರಶೈಲಿಗಳ ಕಡತ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಎನ್‌ವಿಡಿಎ ಜೊತೆಗೆ ಬರುವ 'ಇಸ್ಪೀಕ್' ಧ್ವನಿ ಕನ್ನಡ ಓದುತ್ತದೆ; ಉಚ್ಚಾರ ಯಾಂತ್ರಿಕವಾದರೂ ಕೆಲವು ದಿನಗಳಲ್ಲಿ ಕಿವಿಗೆ ಒಗ್ಗುತ್ತದೆ.

ಮೊಬೈಲಿನಲ್ಲಿ ಆಂಡ್ರಾಯ್ಡ್‌ಗೆ 'ಟಾಕ್‌ಬ್ಯಾಕ್', ಐಫೋನಿಗೆ 'ವಾಯ್ಸ್‌ಓವರ್' ಇವೆ. ಗಾಜಿನ ಮೇಲೆ ಆಜ್ಞೆ ಬರೆಯುವುದು ನಿಧಾನ. ಬ್ಲೂಟೂತ್ ಕೀಲಿಮಣೆ ಜೋಡಿಸಿಕೊಳ್ಳುವುದು ಲೇಸು.

ತರಬೇತಿ ಅಥವಾ ಸಲಹೆ ಬೇಕಾದವರು ದಿವಾದಿಂದ ಸಿಎಸ್‌ಎಂಟಿಗೆ ಇಳಿದರೆ, ಸಮೀಪದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಲ್ಲಿ ಆರಂಭವಾದ ದೃಷ್ಟಿಹೀನರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಬಹುದು. 1952ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಂಧರ ಸಂಘದ ಕಚೇರಿ ವರ್ಲಿಯಲ್ಲಿದೆ.