ಹನ್ನೆರಡು ಜಿಗಣೆಗಳ ಬಿರುಗಾಳಿ ಯಂತ್ರ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಣ್ಣ ಬಂದರು ಪಟ್ಟಣವಾದ ವಿಟ್ಬಿಯ ವಸ್ತುಸಂಗ್ರಹಾಲಯವು ಪಳೆಯುಳಿಕೆಗಳಿಗೂ ನಾವಿಕ ಜೇಮ್ಸ್ ಕುಕ್‌ಗೆ ಸಂಬಂಧಿಸಿದ ಸಾಮಗ್ರಿಗೂ ಹೆಸರಾಗಿದ್ದರೂ, ಅಲ್ಲಿನ ಅತ್ಯಂತ ವಿಲಕ್ಷಣ ವಸ್ತುವೆಂದರೆ ಜಿಗಣೆಗಳಿಂದ ಬಿರುಗಾಳಿಯ ಮುನ್ಸೂಚನೆ ಪಡೆಯಲು ರೂಪಿಸಿದ ಒಂದು ಯಂತ್ರ. ‘ಟೆಂಪೆಸ್ಟ್ ಪ್ರಾಗ್ನಾಸ್ಟಿಕೇಟರ್’, ಅಂದರೆ ಬಿರುಗಾಳಿ ಮುನ್ಸೂಚಕ, ಎಂದು ಕರೆಯಲಾಗುವ ಇದನ್ನು ರಚಿಸಿದವನು ಅದೇ ಊರಿನ ವೈದ್ಯನೂ ಆ ಸಂಗ್ರಹಾಲಯದ ಗೌರವ ಪಾಲಕನೂ ಆಗಿದ್ದ ಜಾರ್ಜ್ ಮೆರಿವೆದರ್. ಆತನ ಮನೆತನದ ಹೆಸರಿಗೆ ‘ಉಲ್ಲಾಸದ ಹವೆ’ ಎಂಬ ಅರ್ಥ ಬರುವುದು ಬರಿಯ ಕಾಕತಾಳೀಯ.

ವೈದ್ಯನೊಬ್ಬನಿಗೆ ಜಿಗಣೆಯೇ ಏಕೆ ಹೊಳೆಯಿತೆಂಬುದು ಆ ಕಾಲವನ್ನು ಬಲ್ಲವರಿಗೆ ಒಗಟಲ್ಲ. ಸುಶ್ರುತ ಸಂಹಿತೆಯು ಜಲೌಕವೆಂದು ಕರೆದು ಚಿಕಿತ್ಸೆಗೆ ವಿಧಿಸಿದ ಈ ಜೀವಿಯನ್ನು ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರೂ ರಕ್ತ ಹೀರಿಸಲು ನಿತ್ಯ ಬಳಸುತ್ತಿದ್ದರು; 1833ರಲ್ಲಿ ಫ್ರಾನ್ಸ್ ದೇಶವೊಂದೇ 4 ಕೋಟಿಗೂ ಹೆಚ್ಚು ಜಿಗಣೆಗಳನ್ನು ಆಮದು ಮಾಡಿಕೊಂಡಿತ್ತು. (ಇದು ಮಲೆನಾಡಿನ ಕಾಡುದಾರಿಯಲ್ಲಿ ಕಾಲಿಗೆ ಹತ್ತುವ ಇಂಬಳವಲ್ಲ, ನಿಂತ ನೀರಿನಲ್ಲಿ ಬಾಳುವ ಜಾತಿ.) ಹವೆ ಕೆಡುವ ಮುನ್ನ ಸೀಸೆಯೊಳಗಿನ ಜಿಗಣೆ ಚಡಪಡಿಸಿ ಮೇಲೇರುತ್ತದೆಂಬ ಮಾತು ಆಗಲೇ ಬಳಕೆಯಲ್ಲಿತ್ತು. ಸಿಡುಬಿನ ಲಸಿಕೆಗೆ ಹೆಸರಾದ ಎಡ್ವರ್ಡ್ ಜೆನ್ನರ್ ಮಳೆಯ ಸೂಚನೆಗಳನ್ನು ಕುರಿತು ಬರೆದನೆನ್ನಲಾದ ಪದ್ಯದಲ್ಲಿಯೂ ಅದರ ಪ್ರಸ್ತಾಪವಿದ್ದು, ಮೆರಿವೆದರ್‌ಗೆ ಪ್ರೇರಣೆಯಾದದ್ದು ಆ ಸಾಲುಗಳೇ.

ಯಂತ್ರದ ರಚನೆ ಸರಳ, ಅಲಂಕಾರ ಮಾತ್ರ ಅತಿ. ಭಾರತೀಯ ದೇವಾಲಯದ ಮಾದರಿಯಲ್ಲಿ ಕಟ್ಟಿದ ಪೀಠದ ಸುತ್ತ ಹನ್ನೆರಡು ಗಾಜಿನ ಸೀಸೆಗಳು, ಪ್ರತಿಯೊಂದರ ತಳದಲ್ಲಿ ಒಂದೂವರೆ ಅಂಗುಲ ಮಳೆನೀರು, ಅದರಲ್ಲಿ ಒಂದು ಜಿಗಣೆ, ಇಡೀ ಯಂತ್ರದ ನೆತ್ತಿಯ ಮೇಲೆ ಒಂದು ಗಂಟೆ. ಸೀಸೆಯ ಕೊರಳಿನ ಲೋಹದ ಕೊಳವೆಯಲ್ಲಿ ತಿಮಿಂಗಿಲದ ‘ಎಲುಬಿ’ನ ಚೂರೊಂದನ್ನು ಸಿಕ್ಕಿಸಲಾಗಿತ್ತು; ಹೆಸರಿಗೆ ಎಲುಬಾದರೂ ಅದು ಕೆಲವು ತಿಮಿಂಗಿಲಗಳ ಬಾಯಲ್ಲಿ ಹಲ್ಲಿನ ಬದಲಿಗೆ ಬೆಳೆಯುವ ಬಳುಕುವ ಪಟ್ಟಿ. ಹಿಂದೆ ತಿಮಿಂಗಿಲ ಬೇಟೆಯ ಬಂದರಾಗಿದ್ದ ವಿಟ್ಬಿಗೆ ಅದೇನೂ ಅಪರೂಪದ ಸರಕಲ್ಲ. ಮೇಲೇರಿದ ಜಿಗಣೆ ಕೊಳವೆಗೆ ನುಸುಳಿ ಆ ಚೂರನ್ನು ಜಾರಿಸಿದರೆ, ಅದಕ್ಕೆ ಕಟ್ಟಿದ ಸರಪಳಿಯ ಮೂಲಕ ಪುಟ್ಟ ಸುತ್ತಿಗೆಯೊಂದು ಗಂಟೆಗೆ ಬಡಿಯುತ್ತಿತ್ತು. ಒಂದು ಬಡಿತಕ್ಕೆ ಬೆಲೆಯಿಲ್ಲ, ಹಲವು ಬಡಿದರೆ ಬಿರುಗಾಳಿ ಖಚಿತವೆಂಬುದು ಲೆಕ್ಕ. ಜಿಗಣೆಗಳು ಒಂದನ್ನೊಂದು ಕಾಣುತ್ತ ಒಂಟಿತನದ ಸಂಕಟವಿಲ್ಲದೆ ಇರಲೆಂದೇ ಸೀಸೆಗಳನ್ನು ವೃತ್ತಾಕಾರದಲ್ಲಿ ಇರಿಸಿದ ಆತ, ಅವುಗಳನ್ನು ತನ್ನ ತಾತ್ವಿಕ ಸಲಹೆಗಾರರ ಮಂಡಳಿಯೆಂದು ಕರೆಯುತ್ತಿದ್ದ.

ಇದನ್ನು ಹುಚ್ಚಾಟವೆಂದು ತಳ್ಳಿಹಾಕುವುದು ಸರಿಯಾಗದು. 1850ರಲ್ಲಿ ಮೆರಿವೆದರ್ ತನ್ನ ಮುನ್ಸೂಚನೆಗಳನ್ನು ಊರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಅಧ್ಯಕ್ಷನಿಗೆ ಮುಂಚಿತವಾಗಿಯೇ ಪತ್ರದಲ್ಲಿ ಬರೆದು ಕಳುಹಿಸುತ್ತಿದ್ದುದರಿಂದ, ಬಿರುಗಾಳಿ ಬಂದ ಮೇಲೆ ಮಾತು ತಿರುಚಲು ಅವಕಾಶವಿರಲಿಲ್ಲ. 1851ರ ಫೆಬ್ರುವರಿಯಲ್ಲಿ ಅದೇ ಸಂಘದ ಮುಂದೆ ಪ್ರಬಂಧ ಓದಿದ ಆತ, ಆ ವರ್ಷವೇ ಲಂಡನ್ನಿನ ಮಹಾಪ್ರದರ್ಶನದಲ್ಲಿ ಯಂತ್ರವನ್ನು ಇರಿಸಿ, ಕರಾವಳಿಯುದ್ದಕ್ಕೂ ಇಂಥವನ್ನು ಸ್ಥಾಪಿಸುವಂತೆ ಸರ್ಕಾರವನ್ನು ಕೋರಿದ.

ಕೋರಿಕೆ ಫಲಿಸಲಿಲ್ಲ. ಜಿಗಣೆ ಹವೆಯ ಬದಲಾವಣೆಗೆ ಸ್ಪಂದಿಸುತ್ತದೆಂದು ಒಪ್ಪಿದರೂ, ಗಂಟೆಯ ಸದ್ದಿನಿಂದ ಗಾಳಿಯ ದಿಕ್ಕಾಗಲಿ ಬರುವ ಹೊತ್ತಾಗಲಿ ತಿಳಿಯುವಂತಿರಲಿಲ್ಲ. ಗಾಳಿಯ ಒತ್ತಡವನ್ನು ಅಳೆಯುವ ವಾಯುಭಾರಮಾಪಕವಾದರೋ ಅಂಕಿಯನ್ನು ಕೊಡುತ್ತಿತ್ತು; ಹಲವು ಊರುಗಳ ಅಂಕಿಗಳನ್ನು ತಂತಿಯ ಮೂಲಕ ಒಂದೆಡೆ ತರಿಸಿ ಹೋಲಿಸಬಹುದಾಗಿತ್ತು. 1854ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯ ಹೊಣೆ ಹೊತ್ತ ರಾಬರ್ಟ್ ಫಿಟ್ಜ್‌ರಾಯ್ ಹಿಡಿದದ್ದು ಈ ದಾರಿಯನ್ನೇ, ಮತ್ತು 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ತಲುಪತೊಡಗಿದ್ದೂ ಈ ದಾರಿಯಿಂದಲೇ.

ಮಹಾಪ್ರದರ್ಶನದಲ್ಲಿದ್ದ ಮೂಲ ಯಂತ್ರ ಉಳಿದಿಲ್ಲ. ವಿಟ್ಬಿಯಲ್ಲಿ ಇಂದು ಕಾಣಸಿಗುವುದು 1951ರ ಬ್ರಿಟನ್ ಉತ್ಸವದ ಸಂದರ್ಭದಲ್ಲಿ ತಯಾರಾದ ಪ್ರತಿಕೃತಿ.